ಅನ್ಯಗ್ರಹದವರಿಗೊಂದು ಪೀಠಿಕೆ

ಈಗ ನಿಮಗೆ ಕೇಳಿಸುತ್ತಿರುವುದು ನೀರು ತೊಟ್ಟಿಕ್ಕುವ ಸದ್ದು. ಪರದೆ ಕಪ್ಪಾಗಿದೆ, ಆದರೆ ಕ್ಯಾಮೆರಾ ಕೆಟ್ಟಿಲ್ಲ. ಬದಿಯಡ್ಕದ ಬಳಿ, ನಮ್ಮ ಅಡಿಕೆ ತೋಟದ ಮೇಲ್ಗಡೆಯ ಗುಡ್ಡದಲ್ಲಿರುವ ಸುರಂಗದೊಳಗೆ ನಿಂತಿದ್ದೇನೆ. ತುಸು ತಾಳಿ, ಮೇಣದಬತ್ತಿ ಹಚ್ಚುತ್ತೇನೆ.

ಈಗ ಕಾಣಿಸಿತು. ಎರಡೂ ಕಡೆ ಮುರಕಲ್ಲಿನ ಗೋಡೆ. ಪಿಕಾಸಿ ಬಿದ್ದ ಗುರುತುಗಳು ಇಷ್ಟು ವರ್ಷಗಳಾದರೂ ಹಾಗೆಯೇ ಇವೆ. ಒಬ್ಬ ಆಳು ನಡೆಯುವಷ್ಟೇ ಅಗಲ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಕೆಳಕ್ಕೆ ತೋಡುವ ಬದಲು ಹೀಗೆ ಅಡ್ಡಕ್ಕೆ ಕೊರೆಯುತ್ತಾರೆ. ಕಲ್ಲಿನೊಳಗೆ ಇಂಗಿದ ಮಳೆನೀರು ಒಸರಿ, ಪಂಪಿನ ಹಂಗಿಲ್ಲದೆ, ತಾನಾಗಿಯೇ ಹರಿದು ಹೊರಗಿನ ತೊಟ್ಟಿ ಸೇರುತ್ತದೆ. ಸುರಂಗ ಕೊರೆಯುವವರು ಮೇಣದಬತ್ತಿ ಹಿಡಿದು ಒಳಗೆ ಹೋಗುವುದು ಬೆಳಕಿಗೆ ಮಾತ್ರವಲ್ಲ. ಜ್ವಾಲೆ ಕುಂದಿತೆಂದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಗೆ ಬಂದುಬಿಡಬೇಕು.

ಶನಿವಾರ ಸಂಜೆ ನಾವು ಪಾತ್ರ ವಹಿಸಿ ಆಡುವ ಆಟದ ಅನ್ಯಗ್ರಹ ಜೀವಿಗಳು ಸರಿಯಾಗಿ ಹುಟ್ಟತೊಡಗಿದ್ದು ಈ ಜ್ವಾಲೆಯ ಮುಂದೆ. ಆ ಕತೆ ಹೇಳುತ್ತೇನೆ, ಬನ್ನಿ, ಜಗಲಿಗೆ ಹೋಗೋಣ.

ಶನಿವಾರ ಸಂಜೆ. ಹೊರಗೆ ಮಳೆ. ಚಾಪೆಯ ಮೇಲೆ ಹರಡಿರುವ ದೊಡ್ಡ ಕಾಗದದಲ್ಲಿ ಒಂದರೊಳಗೊಂದು ವೃತ್ತಗಳು ಕಾಣುತ್ತಿವೆಯಲ್ಲ, ಅದು ‘ಪಯಸ್ವಿನಿ’ ನಿಲ್ದಾಣದ ನಕ್ಷೆ. ಭೂಮಿಯಿಂದ ಬಹುದೂರ, ಯಾವುದೋ ನಕ್ಷತ್ರದ ಸುತ್ತ ತಿರುಗುವ ನಿಲ್ದಾಣ. ಹೆಸರು ಮಾತ್ರ ಕೊಡಗಿನ ಬೆಟ್ಟದಿಂದ ಇಳಿದು ಚಂದ್ರಗಿರಿಯನ್ನು ಸೇರುವ ನಮ್ಮ ನದಿಯದು. ಆಡುವವರು ಐದು ಮಂದಿ: ನಾನು, ಚಿಕ್ಕಪ್ಪನ ಮಗಳು, ಸೀತಾಂಗೋಳಿಯಿಂದ ಬೈಕಿನಲ್ಲಿ ಬರುವ ಇಬ್ಬರು ಗೆಳೆಯರು, ಪಕ್ಕದ ಮನೆಯ ಕಾಲೇಜು ಹುಡುಗಿ.

ಪಾತ್ರ ವಹಿಸಿ ಆಡುವ ಈ ಬಗೆಯ ಆಟ ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದಲ್ಲಿ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ, ಆಗುತ್ತದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳಿಸುತ್ತಾರೆ. ಕತೆ ನಡೆಸುವವರನ್ನು ಗೇಮ್ ಮಾಸ್ಟರ್ ಎನ್ನುವುದು ರೂಢಿ. ನಮ್ಮ ಜಗಲಿಯಲ್ಲಿ ಮೊದಲ ದಿನದಿಂದಲೂ ‘ಭಾಗವತರು’, ಯಕ್ಷಗಾನದಲ್ಲಿ ಹಾಡಿ ಕತೆ ನಡೆಸುವವರ ಹೆಸರು. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಯೇ ಮಾತಿನಲ್ಲಿ ಯುದ್ಧ ನಡೆಯುವ ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ಈ ಆಟ ಹೊಸದೆನಿಸುವುದೇ ಇಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು.

ಜೀವಿಗಳ ವಿಷಯಕ್ಕೆ ಮೊದಲು ಅವರಿರುವ ಮನೆಯನ್ನು ತೋರಿಸುತ್ತೇನೆ. ನಿಲ್ದಾಣ ಗಾಲಿಯಂತಿದೆ. ಕೇಂದ್ರದಿಂದ ಹೊರಗಿನ ನೆಲಕ್ಕೆ 224 ಮೀಟರ್, ನಿಮಿಷಕ್ಕೆ ಎರಡು ಸುತ್ತು. ಈ ಲೆಕ್ಕ ಹಿಡಿದರೆ ಹೊರಗಿನ ಅಂತಸ್ತಿನಲ್ಲಿ ಭೂಮಿಯಲ್ಲಿರುವಷ್ಟೇ ತೂಕ ಅನುಭವಕ್ಕೆ ಬರುತ್ತದೆ. 112 ಮೀಟರಿನ ಅಂತಸ್ತಿನಲ್ಲಿ ಅರ್ಧ. ನಟ್ಟನಡುವೆ ಏನೂ ಇಲ್ಲ, ತೇಲುವುದೊಂದೇ. ಹಾಗಾಗಿ ಯಾರಿಗೆ ಎಷ್ಟು ತೂಕ ಹಿತವೋ ಅವರು ಆ ಅಂತಸ್ತಿನಲ್ಲಿ ಬಿಡಾರ ಹೂಡಬಹುದು. ಹೊರಗಿನ ಅಂತಸ್ತಿನಲ್ಲಿ ಒಂದು ಚಹಾದಂಗಡಿಯಿದೆ. ಅಂಗಡಿಯಾತ ಒಂದು ಮೀಟರ್ ಎತ್ತರದಿಂದ ಚಹಾ ಎತ್ತಿ ಹೊಯ್ದರೆ ಅದು ನೇರ ಕೆಳಗೆ ಬೀಳುವುದಿಲ್ಲ; ನಿಲ್ದಾಣ ಸುತ್ತುವ ದಿಕ್ಕಿಗೆ ವಿರುದ್ಧವಾಗಿ ಸುಮಾರು ಆರು ಸೆಂಟಿಮೀಟರ್ ಸರಿದು ಬೀಳುತ್ತದೆ. ಲೋಟವನ್ನು ಅಷ್ಟು ಪಕ್ಕಕ್ಕೆ ಹಿಡಿಯುವುದು ಅಲ್ಲಿ ಹುಟ್ಟಿದವರಿಗೆ ಅಭ್ಯಾಸ. ಹೊಸಬರು ಯಾರೆಂದು ಅಂಗಡಿಯಾತನಿಗೆ ತಿಳಿಯುವುದು ಅವರ ಒದ್ದೆಯಾದ ಮೊಣಕೈಯಿಂದ. ಈ ಆರು ಸೆಂಟಿಮೀಟರಿನ ಲೆಕ್ಕ ಕೈಗೆ ಸಿಕ್ಕಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಮನೆ ಇಷ್ಟು ಗಟ್ಟಿಯಾಗಿದ್ದರೂ ಮೊದಲ ವರ್ಷ ಅದರೊಳಗಿನ ಜೀವಿಗಳು ಗಟ್ಟಿಯಾಗಿರಲಿಲ್ಲ. ನೀಲಿ ಚರ್ಮದವರು, ಕೊಂಬಿನವರು, ಮೂರು ಕಣ್ಣಿನವರು. ಒಂದು ಗ್ರಹದವರೆಲ್ಲ ಯೋಧರು, ಇನ್ನೊಂದು ಗ್ರಹದವರೆಲ್ಲ ವ್ಯಾಪಾರಿಗಳು. ಇಡೀ ಗ್ರಹಕ್ಕೆ ಒಂದೇ ಸ್ವಭಾವ ಹಂಚುವ ಪದ್ಧತಿಯನ್ನು ನಾನು ಈಗ ಸುತರಾಂ ಒಪ್ಪುವುದಿಲ್ಲ. ಗಡಿನಾಡಿನಲ್ಲಿ ಹುಟ್ಟಿದವರಿಗೆ ಅದರ ಬಿಸಿ ಚೆನ್ನಾಗಿ ಗೊತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಆಚೆಯವರ ಬಾಯಲ್ಲೂ ಈಚೆಯವರ ಬಾಯಲ್ಲೂ ನಮಗಿರುವುದು ‘ಗಡಿಯವರು’ ಎಂಬ ಒಂದೇ ಹೆಸರು. ಆದರೆ ಇಲ್ಲಿಂದ ಕುಂಬಳೆಗೆ ಬಸ್ಸು ಹತ್ತಿ ನೋಡಿ. ಇಳಿಯುವಷ್ಟರಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಕಿವಿಗೆ ಬಿದ್ದಿರುತ್ತವೆ. ಕನ್ನಡವೇ ಮನೆಯಿಂದ ಮನೆಗೆ ಬೇರೆ. ಒಂದು ಬಸ್ಸಿನಲ್ಲಿ ಇಷ್ಟಿರುವಾಗ ಒಂದು ಗ್ರಹದಲ್ಲಿ ಎಷ್ಟಿರಬೇಕು?

ತಿರುವು ಬಂದದ್ದು ಅಜ್ಜನಿಂದ. ಅಜ್ಜ ಹಲವು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು, ಎಂದರೆ ಪಾತ್ರವಾಗಿ ಮಾತನಾಡಿದವರು. ನಾವು ಆಡುವಾಗ ಆರಾಮಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತಿರುತ್ತಾರೆ. ನಿದ್ದೆ ಎಂದು ನಾವೆಣಿಸಿದ್ದೆವು. ಒಂದು ದಿನ, ಕೊಂಬಿನವರ ರಾಯಭಾರಿ ಗುಡುಗುತ್ತಿದ್ದ ಹೊತ್ತಿನಲ್ಲಿ, ಕಣ್ಣು ತೆರೆಯದೆಯೇ ಕೇಳಿದರು: “ಇವನ ಪೀಠಿಕೆ ಏನು, ಮಕ್ಕಳೇ?”

ತಾಳಮದ್ದಳೆ ಕೇಳದವರಿಗಾಗಿ ಎರಡು ಮಾತು. ಪಾತ್ರ ಪ್ರವೇಶಿಸಿದಾಗ ಅರ್ಥಧಾರಿ ಮೊದಲು ಪೀಠಿಕೆ ಹೇಳುತ್ತಾರೆ. ನಾನು ಯಾರು, ಯಾಕೆ ಇಲ್ಲಿಗೆ ಬಂದೆ, ಯಾವುದನ್ನು ನ್ಯಾಯವೆಂದು ನಂಬಿದ್ದೇನೆ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಕೌರವನಿಗೂ ಅವನದೇ ನ್ಯಾಯವಿದೆ. ಒಳ್ಳೆಯ ಅರ್ಥಧಾರಿ ಕೌರವನಾಗಿ ಕುಳಿತರೆ ಸಭೆಯಲ್ಲಿದ್ದವರು ತಮಗರಿವಿಲ್ಲದೆ ತಲೆದೂಗುತ್ತಾರೆ. ನಮ್ಮ ಕೊಂಬಿನವನಿಗೆ ಕೊಂಬಿತ್ತು, ಸಿಟ್ಟಿತ್ತು, ಪೀಠಿಕೆ ಇರಲಿಲ್ಲ. ಅವನ ಪರವಾಗಿ ಐದು ನಿಮಿಷ ಮಾತನಾಡಲು ಐವರಲ್ಲಿ ಯಾರಿಂದಲೂ ಆಗಲಿಲ್ಲ.

ಹಾಗಾದರೆ ಪೀಠಿಕೆ ಎಲ್ಲಿಂದ ತರುವುದು? ಮರುದಿನ ಸುರಂಗದ ತೊಟ್ಟಿ ತೊಳೆಯಲು ಹೋದಾಗ ಮೇಣದಬತ್ತಿ ನೋಡುತ್ತ ಹೊಳೆಯಿತು: ದೇಹದಿಂದ. ಏನನ್ನು ಉಸಿರಾಡುತ್ತಾರೆ, ಏನಿಲ್ಲದಿದ್ದರೆ ಸಾಯುತ್ತಾರೆ ಎಂಬಲ್ಲಿಂದ ಆರಂಭಿಸಿದರೆ ಅವರ ಭಯ ತಿಳಿಯುತ್ತದೆ. ಭಯ ತಿಳಿದರೆ ಕಾನೂನು, ಮರ್ಯಾದೆ, ಬೈಗುಳ ಎಲ್ಲವೂ ಹಿಂದೆಯೇ ಬರುತ್ತವೆ. ಚಿತ್ರ ಕೊನೆಗೆ ಬಿಡಿಸಿದರೆ ಸಾಕು.

ಮೊದಲ ಜೀವಿಗೆ ದೂರ ಹೋಗಬೇಕಾಗಲಿಲ್ಲ. ಚಂದ್ರಗಿರಿಯಲ್ಲಿ ಒಂದು ಆಮೆಯಿದೆ. ಮೆದುಚಿಪ್ಪಿನ ದೈತ್ಯ ಆಮೆ. ಮಲಯಾಳದವರು ಭೀಮನಾಮ ಎನ್ನುತ್ತಾರೆ. ಕಾಸರಗೋಡು ಅದನ್ನು ತನ್ನ ಜಿಲ್ಲಾ ಜೀವಿಯೆಂದು ಸಾರಿದೆ. ಆದರೂ ನೋಡಿದವರು ಕಡಿಮೆ, ಏಕೆಂದರೆ ಬಾಳಿನ ಹೆಚ್ಚುಪಾಲನ್ನು ಅದು ನದಿಯ ತಳದ ಮರಳಿನಲ್ಲಿ ಹೂತುಕೊಂಡು, ಅಲ್ಲಾಡದೆ ಕಳೆಯುತ್ತದೆ. ಉಸಿರಿಗಾಗಿ ಮೇಲೆ ಬರುವುದು ದಿನಕ್ಕೆ ಎರಡೇ ಬಾರಿ.

ಎರಡೇ ಬಾರಿ! ಅಂಥವರು ನಿಮ್ಮ ಪಕ್ಕದ ಮನೆಯವರಾದರೆ? ಅವರಿಗೆ ‘ಮರಳಿಗರು’ ಎಂದು ಹೆಸರಿಟ್ಟೆವು. ಅರ್ಧ ತೂಕದ ಅಂತಸ್ತಿನಲ್ಲಿ ಅವರಿಗೆ ಮರಳಿನ ಬಯಲು. ಅಲ್ಲಿ ಮರಳಿನ ಹೊರೆ ಬೆನ್ನಿಗೆ ಹಗುರ. ಮಾತನಾಡಲು ಗಾಳಿ ಬೇಕು. ಆದ್ದರಿಂದ ಮರಳಿಗರು ದಿನಕ್ಕೆ ಎರಡು ಸಲ ಮಾತ್ರ ಮಾತನಾಡುತ್ತಾರೆ, ಒಂದು ಉಸಿರಿನಲ್ಲಿ ಮುಗಿಯುವಷ್ಟೇ. ಒಪ್ಪಂದವೆಂದರೆ ಒಂದು ದಮ್ಮಿನಲ್ಲಿ ಹೇಳಿ ಮುಗಿಸಬಹುದಾದ ಮಾತು. ಅದಕ್ಕಿಂತ ಉದ್ದವಾದದ್ದು ಅವರ ಲೆಕ್ಕದಲ್ಲಿ ಮೋಸ. ನಾವು ಮನುಷ್ಯರು ಇಡೀ ದಿನ ಬಾಯಿಬಿಡುವುದನ್ನು ಕಂಡು ಅವರು ಕನಿಕರಪಡುತ್ತಾರೆ. ಇಷ್ಟೊಂದು ಉಸಿರನ್ನು ಹೊರಗೆ ಚೆಲ್ಲುವವರು ಒಳಗೆ ಏನನ್ನು ಉಳಿಸಿಕೊಂಡಾರು ಎಂಬುದು ಅವರ ಪ್ರಶ್ನೆ.

ಮರಳಿಗರ ಪಾತ್ರ ಚಿಕ್ಕಪ್ಪನ ಮಗಳದು. ಒಂದು ಶನಿವಾರ ನಿಲ್ದಾಣದ ಗೋಡೆ ಬಿರುಕುಬಿಟ್ಟು ಗಾಳಿ ಸೋರತೊಡಗಿತು. ಮರಳಿನ ಬಯಲಿನ ಬಾಗಿಲು ಮುಚ್ಚಬೇಕೇ ಬೇಡವೇ ಎಂದು ಅವರ ಹಿರಿಯರನ್ನು ಕೇಳಬೇಕು. ಆದರೆ ಅವರು ಮೇಲೆ ಬರುವ ಹೊತ್ತು ಇನ್ನೂ ಆಗಿಲ್ಲ. ನಾವು ನಾಲ್ವರು ಕೂಗಾಡುತ್ತಿದ್ದೆವು, ದಾಳ ಉರುಳುತ್ತಿತ್ತು. ಅವಳು ನಲವತ್ತು ನಿಮಿಷ ಚಾಪೆಯ ಮೇಲೆ ಕಣ್ಣುಮುಚ್ಚಿ, ಕೈಯೆರಡನ್ನೂ ಮಡಿಲಲ್ಲಿಟ್ಟು ಕುಳಿತಿದ್ದಳು. ಬಾಳೆಕಾಯಿ ಚಿಪ್ಸಿನ ತಟ್ಟೆ ಮುಂದೆ ಬಂದರೂ ಮುಟ್ಟಲಿಲ್ಲ. ಆಟದ ಗಡಿಯಾರದಲ್ಲಿ ಹೊತ್ತಾದಾಗ ಕಣ್ಣು ತೆರೆದು, ಉದ್ದಕ್ಕೆ ಉಸಿರೆಳೆದು, ಒಂದೇ ವಾಕ್ಯ ಹೇಳಿದಳು: “ಬಾಗಿಲು ಮುಚ್ಚಿ, ನಮ್ಮೊಳಗೆ ಇರುವ ಗಾಳಿ ಸಂಜೆಯವರೆಗೆ ಸಾಕು, ನಿಮ್ಮದು ಸಾಲದು.” ಮತ್ತೆ ಕಣ್ಣು ಮುಚ್ಚಿದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಈ ದೃಶ್ಯ ನನ್ನ ಬಳಿ ಇಲ್ಲ, ಅಂದು ಕ್ಯಾಮೆರಾ ತೆಗೆಯಬೇಕೆಂದು ಯಾರಿಗೂ ತೋಚಲಿಲ್ಲ. ನೀವೀಗ ನೋಡುತ್ತಿರುವುದು ಆ ಚಾಪೆ ಮಾತ್ರ.

ಎರಡನೆಯವರು ನೂಲಿಗರು. ತೋಟದ ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಗಳಿವೆಯಲ್ಲ, ಇಗೋ, ಹತ್ತಿರದಿಂದ ತೋರಿಸುತ್ತೇನೆ. ಸಾಲಾಗಿ ನಿಂತ ಇರುವೆಗಳು ಎರಡು ಎಲೆಗಳ ಅಂಚನ್ನು ಎಳೆದು ಹಿಡಿದಿವೆ. ಒಳಗಿನಿಂದ ಇನ್ನೊಂದು ಇರುವೆ ಬಾಯಲ್ಲಿ ಬಿಳಿ ಮರಿಯೊಂದನ್ನು ಹಿಡಿದು ಅಂಚಿನಿಂದ ಅಂಚಿಗೆ ಮುಟ್ಟಿಸುತ್ತದೆ. ನೂಲು ಬರುವುದು ಆ ಮರಿಯಿಂದ. ಬೆಳೆದ ಇರುವೆಗೆ ನೂಲು ತೆಗೆಯಲು ಬರುವುದಿಲ್ಲ. ತನಗೆ ಕೋಶ ಕಟ್ಟಿಕೊಳ್ಳಬೇಕಾದ ನೂಲನ್ನು ಮರಿ ಊರಿಗೆ ಕೊಟ್ಟು, ತಾನು ಕೋಶವಿಲ್ಲದೆಯೇ ಮುಂದಿನ ಅವಸ್ಥೆಗೆ ಹೋಗುತ್ತದೆ.

ಹಿರಿಯರು ಕಟ್ಟಲಾರದ, ಮಕ್ಕಳೇ ಮನೆ ಕಟ್ಟುವ ಜನ ನಿಲ್ದಾಣಕ್ಕೆ ಬಂದರೆ ಏನಾಗುತ್ತದೆ? ಬಾಲಕಾರ್ಮಿಕರ ಕಾನೂನು ಎದುರು ನಿಲ್ಲುತ್ತದೆ. ಸೀತಾಂಗೋಳಿಯ ಗೆಳೆಯ ಮನುಷ್ಯರ ಅಧಿಕಾರಿಯಾಗಿ ಆದೇಶ ತಂದ. ನೂಲಿಗರ ಪರವಾಗಿ ಮಾತನಾಡಬೇಕಾದ ಪಕ್ಕದ ಮನೆಯ ಹುಡುಗಿಗೆ ಅಂದು ಜ್ವರ. ನಾನು ಅಜ್ಜನತ್ತ ನೋಡಿ, “ಅಜ್ಜ, ನೀವು ಹೇಳುತ್ತೀರಾ?” ಎಂದೆ. ಅವರು ಹೆಗಲಿನ ಶಾಲು ಸರಿಪಡಿಸಿಕೊಂಡು ಕುರ್ಚಿಯ ತುದಿಗೆ ಬಂದು ಕುಳಿತರು. ಅಷ್ಟೇ. ಮುಂದಿನ ಒಂದು ಗಂಟೆ ನಮ್ಮ ಜಗಲಿಯಲ್ಲಿ ಅಜ್ಜ ಇರಲಿಲ್ಲ.

ಗೆಳೆಯ ಕಾನೂನನ್ನು ಚೆನ್ನಾಗಿಯೇ ಮಂಡಿಸಿದ. “ಆ ನೂಲು ಶಿಶುವಿನ ಸ್ವಂತದ್ದು. ಅದನ್ನು ಕಸಿದು ನೀವು ಮಗುವನ್ನು ಬೆತ್ತಲೆ ಮಲಗಿಸುತ್ತೀರಿ” ಎಂದ. ಅಜ್ಜ ತುಸು ಹೊತ್ತು ಸುಮ್ಮನಿದ್ದು ಹೇಳಿದರು: “ಅಧಿಕಾರಿಗಳೇ, ಒಂಟಿ ಕೋಶದಲ್ಲಿ ಮಲಗಿದ ಮಗುವನ್ನು ಹಕ್ಕಿ ಹುಡುಕಿ ತಿನ್ನುತ್ತದೆ. ಊರೇ ಒಂದು ಕೋಶವಾದಾಗ ಮಗು ಬೆತ್ತಲೆ ಮಲಗಲು ಹೆದರಬೇಕೇ? ನಿಮ್ಮ ಮಕ್ಕಳಿಗೆ ನೀವು ಬಟ್ಟೆ ಹೊದಿಸುತ್ತೀರಿ, ಊರನ್ನು ಹೊದಿಸಿದ್ದೀರಾ?” ಗೆಳೆಯ ಬಾಯಿ ತೆರೆದ, ಮುಚ್ಚಿದ. ಇಪ್ಪತ್ತು ಮುಖದ ದಾಳವನ್ನು ಆ ರಾತ್ರಿ ಯಾರೂ ಮುಟ್ಟಲಿಲ್ಲ. ಕೊನೆಗೆ ಆದ ತೀರ್ಮಾನ: ತಮ್ಮ ಅಂತಸ್ತಿನೊಳಗೆ ನೂಲಿಗರ ಶಿಶುಗಳು ನೂಲು ಕೊಡಬಹುದು, ಬೇರೆಯವರ ಗೋಡೆಗೆ, ಕೂಲಿಗೆ, ಎಂದಿಗೂ ಇಲ್ಲ. ಆ ಎರಡನೆಯ ಭಾಗವನ್ನು ಗೆಳೆಯ ಪಟ್ಟುಹಿಡಿದು ಸೇರಿಸಿದ. ಅವನು ಮಾಡಿದ್ದು ಸರಿ ಎಂದೇ ನಾನು ಈಗಲೂ ಹೇಳುತ್ತೇನೆ.

ಮೂರನೆಯವರು ಅಷ್ಟಪದಿಯ, ಎಂದರೆ ಆಕ್ಟೋಪಸ್ಸಿನ, ದೇಹದವರು. ನರಕೋಶಗಳ ಬಹುಪಾಲು ತೋಳುಗಳಲ್ಲಿಯೇ ಇರುವುದರಿಂದ ಒಬ್ಬನ ತೋಳುಗಳೇ ಒಂದಕ್ಕೊಂದು ಒಪ್ಪುವುದಿಲ್ಲ. ಇನ್ನೂ ಪೀಠಿಕೆ ಕೂಡಿಬಂದಿಲ್ಲ, ಬಿಡಿ.

ಮಾತಿನ ವಿಷಯ ಹೇಳಲೇಬೇಕು. ಎಲ್ಲ ಭಾಷೆಯನ್ನೂ ಕ್ಷಣದಲ್ಲಿ ಅನುವಾದಿಸುವ ಯಂತ್ರ ಇಂಥ ಆಟಗಳಲ್ಲಿ ಸಾಮಾನ್ಯ. ನಾವು ಅದನ್ನು ತೆಗೆದುಹಾಕಿದೆವು. ನಮ್ಮ ಬಸ್ಸಿನ ನಿರ್ವಾಹಕರ ಕೈಯಲ್ಲಿ ಯಂತ್ರವಿಲ್ಲ. ಹತ್ತಿದವರ ಮುಖ ನೋಡಿ, ಮೊದಲ ಶಬ್ದ ಕೇಳಿ, ಮುಂದಿನ ಶಬ್ದವನ್ನು ಅವರ ಭಾಷೆಯಲ್ಲಿ ಆಡುತ್ತಾರೆ. ತಪ್ಪಿದರೆ ಇಬ್ಬರೂ ನಕ್ಕು ಇನ್ನೊಂದಕ್ಕೆ ಹೊರಳುತ್ತಾರೆ. ಪಯಸ್ವಿನಿಯಲ್ಲಿಯೂ ಹಾಗೆಯೇ ಒಂದು ಮಾತು ಹುಟ್ಟಿದೆ, ಆ ಚಹಾದಂಗಡಿಯ ಸುತ್ತ. ನೋಟುಪುಸ್ತಕದಲ್ಲಿ ಈಗ 64 ಪದಗಳಿವೆ. ‘ದಮ್ಮು’ ಎಂದರೆ ಮುರಿಯಲಾಗದ ಮಾತು. ‘ಹೊದಿಸು’ ಎಂದರೆ ಒಬ್ಬರನ್ನು ತಮ್ಮವರೆಂದು ಒಪ್ಪುವುದು. ಅದು ಅಜ್ಜನಿಂದ ಬಂತು.

ಒಂದನ್ನು ಮಾತ್ರ ನಾವು ಮುಟ್ಟಿಲ್ಲ. ತೆಯ್ಯಂ, ಭೂತಕೋಲಗಳ ಮುಖವರ್ಣಿಕೆಯನ್ನೂ ಅಣಿಯನ್ನೂ ತೆಗೆದು ಅನ್ಯಗ್ರಹದವರಿಗೆ ತೊಡಿಸಿದರೆ ನೋಡಲು ಭರ್ಜರಿಯಾಗಿರುತ್ತದೆ ಎಂದು ಕೆಲವರು ಸಲಹೆ ಕೊಟ್ಟಿದ್ದಾರೆ. ಬೇಡ. ನೆರೆಯವರು ಕೈಮುಗಿದು ನಿಲ್ಲುವ ದೈವ ನಮ್ಮ ಆಟದ ವೇಷವಾಗಬಾರದು. ಆಮೆಯಿಂದ, ಇರುವೆಯಿಂದ, ಕಲ್ಲಿನಿಂದ ಎಷ್ಟು ಬೇಕಾದರೂ ತೆಗೆದುಕೊಳ್ಳುತ್ತೇನೆ, ಅದರಿಂದ ಇಲ್ಲ.

ಮತ್ತೆ ಸುರಂಗಕ್ಕೆ ಬಂದಿದ್ದೇನೆ. ಮುಂದಿನ ಶನಿವಾರಕ್ಕೆ ಹೊಸಬರು ಬೇಕು. ಬೆಳಕನ್ನೇ ಕಾಣದ ಕಲ್ಲಿನೊಳಗೆ, ತೊಟ್ಟಿಕ್ಕುವ ನೀರಿನ ಸದ್ದಿನಿಂದ ಹೊತ್ತು ಅಳೆಯುವವರು. ಹೊರಡುವಾಗ ಅಜ್ಜ ಕೇಳಿದರು, “ಬೇಸಗೆಯಲ್ಲಿ ನೀರು ನಿಂತರೆ ಅವರ ಹೊತ್ತೂ ನಿಲ್ಲುತ್ತದೆಯೋ?” ಅದಕ್ಕೆ ಉತ್ತರ ಹುಡುಕುತ್ತ ಮೂವತ್ತು ಹೆಜ್ಜೆ ಒಳಗೆ ಬಂದಿದ್ದೇನೆ. ಜ್ವಾಲೆ ನೋಡಿ, ತುಸು ಕುಗ್ಗಿದೆ. ಹಿಂದಿರುಗುತ್ತೇನೆ. ಅದಕ್ಕೂ ಮುಂಚೆ ಬತ್ತಿಯನ್ನು ಕೈಯಿಂದ ಮರೆಮಾಡಿ ಹತ್ತು ಹನಿ ಎಣಿಸುತ್ತೇನೆ, ನೀವೂ ಕೇಳಿ.