ತಾಯಿಗೆ ಮೊದಲ ಎಡೆ

ಎಲ್ಲರಿಗೂ ನಮಸ್ಕಾರ.

ದೇವರು, ಮನೆ, ಮಕ್ಕಳು, ಸಣ್ಣಪುಟ್ಟ ಖುಷಿ ಇವುಗಳ ಬಗ್ಗೆ ಒಬ್ಬ ತಾಯಿಯಾಗಿ ಮಾತಾಡಿ ಎಂದು ಕರೆದಿದ್ದೀರಿ. ನಾನು ಒಂದೇ ಒಂದು ಕೆಲಸವನ್ನು ಹಿಡಿದುಕೊಂಡು ಮಾತಾಡುತ್ತೇನೆ. ಅದು ಪಾಲು ತೆಗೆದಿಡುವ ಕೆಲಸ. ಅನ್ನ ಆದ ಮೇಲೆ ಮೊದಲ ಸೌಟು ದೇವರಿಗೆ. ಒಂದು ತುತ್ತು ಕಾಗೆಗೆ. ಒಂದು ರೊಟ್ಟಿ ದನಕ್ಕೆ. ಕಾಲೇಜಿನಿಂದ ತಡವಾಗಿ ಬರುವ ಮಗಳಿಗೆ ಒಂದು ಬಟ್ಟಲು ಪಲ್ಯ ಮುಚ್ಚಿಟ್ಟಿರಬೇಕು. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಅಮ್ಮ ಮಾಡುತ್ತಿದ್ದಳು, ನಾವೂ ಮಾಡುತ್ತೇವೆ. ನನ್ನ ಮಟ್ಟಿಗೆ ಭಕ್ತಿ ಎಂದರೆ ಹೆಚ್ಚುಕಡಿಮೆ ಇದೇ. ಕಣ್ಣೆದುರು ಇಲ್ಲದವರಿಗೂ ಹಸಿವಾಗುತ್ತದೆ ಎಂದು ನೆನಪಿಟ್ಟುಕೊಳ್ಳುವುದು.

ದೇವರ ಮುಂದೆ ಕೂತು ಜಪ ಮಾಡುವುದಕ್ಕೆ ನಮಗೆಲ್ಲ ಎಷ್ಟು ಹೊತ್ತು ಸಿಗುತ್ತದೆ ಹೇಳಿ? ದೀಪ ಹಚ್ಚಿ ಎರಡು ಹೂವು ಇಡುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಮಗನಿಗೆ ಇನ್ನೊಂದು ಕಾಲಿನ ಸಾಕ್ಸ್ ಸಿಕ್ಕಿರುವುದಿಲ್ಲ. ಹಾಗಂತ ನಮ್ಮ ಭಕ್ತಿ ಕಡಿಮೆ ಎಂದು ನಾನು ಒಪ್ಪುವುದಿಲ್ಲ. ಅದು ಸೌಟು ಹಿಡಿದ ಕೈಯಲ್ಲೇ ಇದೆ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವಳು. ನಮ್ಮಲ್ಲಿ ಆಶ್ವೀಜ ಮಾಸದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಉತ್ತರ ಕರ್ನಾಟಕದವರಿಗೆ ಅದು ಸೀಗಿ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ಕಟ್ಟಿರುತ್ತದೆ. ಅಂದರೆ ಪೈರು ಬಸುರಿ. ಬಸುರಿ ಹೆಂಗಸಿಗೆ ಏನೇನೋ ತಿನ್ನಬೇಕು ಎಂಬ ಬಯಕೆ ಇರುತ್ತದಲ್ವಾ? ಭೂಮ್ತಾಯಿಗೂ ಅದು ಇರುತ್ತದೆ ಎಂದು ನಮ್ಮವರು ನಂಬಿದರು. ಹಾಗಾಗಿ ಅವಳಿಗೆ ಸೀಮಂತ. ಬಯಕೆ ಊಟ ಗದ್ದೆಗೇ ಹೋಗುತ್ತದೆ.

ಇದಕ್ಕೆ ತಯಾರಿ ದಸರಾ ಮುಗಿದ ಕೂಡಲೇ ಶುರು. ನಮ್ಮ ಕಡೆಯ ದೀವರು ಎಂಬ ಸಮುದಾಯದವರ ಮನೆಗಳಲ್ಲಿ ಬಿದಿರಿನ ಬುಟ್ಟಿ ತಂದು ಅದಕ್ಕೆ ಮೊದಲು ಸೆಗಣಿ ಬಳಿಯುತ್ತಾರೆ, ಸಂದು ಮುಚ್ಚಲಿ ಎಂದು. ಒಣಗಿದ ಮೇಲೆ ಕೆಮ್ಮಣ್ಣು. ಅದರ ಮೇಲೆ ಅಕ್ಕಿ ನೆನೆಸಿ ಅರೆದ ಬಿಳಿ ಹಿಟ್ಟಿನಲ್ಲಿ ಚಿತ್ತಾರ. ಕುಂಚ ಎಂದರೆ ಪುಂಡಿ ನಾರಿನ ಒಂದು ತುಂಡು, ಅಷ್ಟೇ. ಅದರ ತುದಿಯನ್ನು ಹಿಟ್ಟಿನಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಗೆರೆ ಎಳೆಯಬೇಕು. ಹಸಿಯಿರುವಾಗ ಗೆರೆ ಸರಿಯಾಗಿ ಕಾಣುವುದೇ ಇಲ್ಲ, ನೀರಿನ ಹಾಗೆ ಇರುತ್ತದೆ. ಒಣಗುತ್ತಾ ಬಂದ ಹಾಗೆ ಒಂದೊಂದೇ ಬೆಳ್ಳಗೆ ಎದ್ದು ಬರುತ್ತದೆ. ಭತ್ತದ ಸಸಿ, ಜೋಡೆತ್ತು, ಹಕ್ಕಿ, ಏಣಿ. ಮಕ್ಕಳು ಪಕ್ಕದಲ್ಲಿ ಕೂತು 'ಈಗ ಬಂತು, ಈಗ ಬಂತು' ಎಂದು ಕೂಗುವುದನ್ನು ನೋಡಬೇಕು. ಟಿವಿ ಮುಂದೆ ಕೂತಾಗ ನನ್ನ ಮಗನ ಮುಖದಲ್ಲಿ ಆ ಬೆರಗನ್ನು ನಾನು ಕಂಡಿಲ್ಲ.

ಬುಟ್ಟಿ ಎರಡು. ದೊಡ್ಡದು ಭೂಮಣ್ಣಿ ಬುಟ್ಟಿ, ಅದರಲ್ಲಿ ಪೂಜೆಯ ಸಾಮಾನು, ಕಡುಬು, ಪಾಯಸ ಎಲ್ಲ. ಚಿಕ್ಕದರಲ್ಲಿ ಚರಗ, ಅಂದರೆ ಗದ್ದೆಗೆ ಬೀರುವ ಎಡೆ. ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರು ಮಲಗುವುದಿಲ್ಲ. ಕಾಡು, ಬೇಲಿ, ಹಿತ್ತಿಲು ಸುತ್ತಿ ತಂದ ನಾನಾ ನಮೂನೆ ಸೊಪ್ಪಿನ ಕುಡಿ, ಅಮಟೆಕಾಯಿ, ಹೀರೆಕಾಯಿ ಎಲ್ಲ ಸೇರಿ ಬೇಯುತ್ತಿರುತ್ತದೆ. ಬಾಳೆ ಎಲೆಯಲ್ಲಿ ಕಡುಬು ಹಬೆಯಾಡುತ್ತಿರುತ್ತದೆ. ಬೆಳಕು ಹರಿಯುವ ಮೊದಲೇ ಗಂಡಸರು ದೊಂದಿ ಹಿಡಿದು, ಜಾಗಟೆ ಬಾರಿಸುತ್ತಾ, 'ಅಚ್ಚಂಬಲಿ, ಹಾಲಂಬಲಿ' ಎಂದು ಕೂಗುತ್ತಾ ಗದ್ದೆ ತೋಟಕ್ಕೆಲ್ಲ ಚರಗ ಬೀರಿ ಬರುತ್ತಾರೆ. ಭೂಮ್ತಾಯಿ ಉಂಡು ಹೋಗಲಿ ಎಂದು ಆ ಕೂಗಿನಲ್ಲೇ ಇದೆ. ಆಮೇಲೆ ಮನೆಮಂದಿಯೆಲ್ಲ ಗದ್ದೆಗೆ ಹೋಗುವುದು. ಪೈರಿಗೆ ಪೂಜೆ. ಮನೆಯೊಡತಿ ತನ್ನ ಕೊರಳ ಸರವನ್ನೇ ತೆಗೆದು ಪೈರಿಗೆ ತೊಡಿಸುತ್ತಾಳೆ. ಎಡೆ ಇಟ್ಟು, ಕಾಗೆಗೆ, ಇಲಿಗೆ ಎಂದು ಬೇರೆಬೇರೆ ಪಾಲು ಇಟ್ಟು, ಕೊನೆಗೆ ನಾವು ಅಲ್ಲೇ ಬದುವಿನ ಮೇಲೆ ಕೂತು ಉಣ್ಣುತ್ತೇವೆ.

ಇಲಿಗೂ ಪಾಲು ಎಂದರೆ ಪಟ್ಟಣದಲ್ಲಿ ಬೆಳೆದವರಿಗೆ ವಿಚಿತ್ರ ಅನ್ನಿಸಬಹುದು. ಬೆಳೆ ತಿನ್ನುವುದೇ ಅದು! ಆದರೂ ಕೊಡುತ್ತಾರೆ. ಆ ಒಂದು ದಿನವಾದರೂ ಅದು ಶತ್ರುವಲ್ಲ, ಪಂಕ್ತಿಯಲ್ಲಿ ಕೂತ ಇನ್ನೊಂದು ಜೀವ. ಈ ಮಾತು ನನಗೆ ತುಂಬಾ ಇಷ್ಟ.

ಇದು ಮಲೆನಾಡಿನ ಕಥೆ ಮಾತ್ರ ಅಲ್ಲ. ಕಲಬುರಗಿ, ಬೀದರ್ ಕಡೆ ಎಳ್ಳಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ ಕಟ್ಟಿಕೊಂಡು ಹೋಗಿ ಮೊದಲು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಆಮೇಲೆ ನೆಂಟರು, ಸ್ನೇಹಿತರು, ದಾರಿಯಲ್ಲಿ ಹೋಗುವವರು ಎಲ್ಲರಿಗೂ ಊಟ.

ಮಂಗಳೂರಿನಲ್ಲಿ ನಾವು ಬಾಡಿಗೆಗೆ ಇದ್ದಾಗ ಪಕ್ಕದ ಮನೆಯಲ್ಲಿ ಒಬ್ಬರು ಕ್ರೈಸ್ತ ಅಜ್ಜಿ ಇದ್ದರು. ನಾವೆಲ್ಲ ಬಾಯಮ್ಮ ಎಂದು ಕರೆಯುತ್ತಿದ್ದೆವು. ಸೆಪ್ಟೆಂಬರ್ 8 ಅವರಿಗೆ ಮೊಂತಿ ಹಬ್ಬ, ಮೇರಿಯಮ್ಮನ ಜನ್ಮದಿನ. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಚರ್ಚಿಗೆ ಹೋಗಿ ತಾಯಿಗೆ ಹೂವು ಹಾಕುತ್ತಾರೆ. ಹಬ್ಬದ ದಿನ ಹೊಸ ತೆನೆಗೆ ಪಾದ್ರಿಗಳ ಆಶೀರ್ವಾದ. ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿ ಕುಟ್ಟಿ ಹಾಲಿಗೋ ಪಾಯಸಕ್ಕೋ ಸೇರಿಸಿ, ಮನೆಯವರೆಲ್ಲ ಪ್ರಾರ್ಥನೆ ಮಾಡಿ ಹಂಚಿಕೊಳ್ಳುತ್ತಾರೆ. ಅವತ್ತು ಮೀನು ಮಾಂಸ ಇಲ್ಲ, ಬರೀ ತರಕಾರಿ ಊಟ, ಬಾಳೆ ಎಲೆಯಲ್ಲಿ. ಬಾಯಮ್ಮ ನಾಲ್ಕು ಭತ್ತದ ಕಾಳನ್ನು ಬಿಳಿ ಕಾಗದದಲ್ಲಿ ಮಡಚಿ, ಲಕೋಟೆಗೆ ಹಾಕಿ, ಗಲ್ಫ್‌ನಲ್ಲಿರುವ ಮಗನಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಊರಿನಲ್ಲಿ ಇಲ್ಲದವರಿಗೆ ಹೀಗೆ ಕಾಳು ಕಳಿಸುವುದು ಅವರಲ್ಲಿ ರೂಢಿ. ಲಕೋಟೆ ಅಂಟಿಸುವ ಮೊದಲು ಅವರು ಕಾಳುಗಳ ಮೇಲೆ ಒಮ್ಮೆ ಬೆರಳಾಡಿಸುತ್ತಿದ್ದರು. ಆ ಬೆರಳನ್ನು ನೋಡಿ ನನಗೆ ನನ್ನ ಅಮ್ಮನೇ ನೆನಪಾಗಿದ್ದಳು. ದೇವರ ಹೆಸರು ಬೇರೆ, ಪಾಲು ತೆಗೆದಿಡುವ ಕೈ ಒಂದೇ.

ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ವಿಷಯ ನಿಮಗೆ ಗೊತ್ತಿರುತ್ತದೆ. ಲಿಂಗಸುಗೂರು ಸೀಮೆಯಿಂದ ಕಲ್ಯಾಣಕ್ಕೆ ಬಂದ ದಂಪತಿ. ಗಂಡ ಮಾರಯ್ಯ ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ಜಂಗಮ ದಾಸೋಹ. ಒಂದು ದಿನ ಅವನು ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಇಷ್ಟು ನಮಗೆ ಯಾಕೆ, ಹೋಗಿ ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿಬಿಟ್ಟಳು. ಎಷ್ಟು ಬೇಕು ಎನ್ನುವುದು ಅವಳಿಗೆ ಅಳೆದ ಹಾಗೆ ಗೊತ್ತಿತ್ತು. ಮನೆ ನಡೆಸುವ ಹೆಂಗಸಿಗೆ ಮಾತ್ರ ಬರುವ ಲೆಕ್ಕ ಅದು. ಇಂಥ ಹೆಂಗಸು ವಚನ ಬರೆದಳು, ಗಂಡನಿಗೆ ಬುದ್ಧಿ ಹೇಳಿದಳು, ಅದನ್ನು ನಾವು ಇವತ್ತಿಗೂ ಹೇಳಿಕೊಳ್ಳುತ್ತೇವೆ ಎನ್ನುವುದು ನನಗೆ ಹೆಮ್ಮೆ.

ಈಗ ನನ್ನ ಮನಸ್ಸಿನಲ್ಲಿ ತುಂಬಾ ದಿನದಿಂದ ಕೊರೆಯುತ್ತಿರುವ ಮಾತಿಗೆ ಬರುತ್ತೇನೆ.

ಭೂಮ್ತಾಯಿಗೆ ಮೊದಲು ಬಡಿಸುತ್ತೇವೆ. ಬಸುರಿ ಎಂದು ಅವಳ ಬಯಕೆ ಕೇಳಿ, ರಾತ್ರಿಯೆಲ್ಲ ಬೇಯಿಸಿ, ಬುಟ್ಟಿಗೆ ಚಿತ್ತಾರ ಬರೆದು ಬಡಿಸುತ್ತೇವೆ. ಅದೇ ಮನೆಯಲ್ಲಿ, ಅದನ್ನೆಲ್ಲ ಬೇಯಿಸಿದ ತಾಯಿ ಉಣ್ಣುವುದು ಯಾವಾಗ? ಎಲ್ಲರದೂ ಆದ ಮೇಲೆ. ಪಾತ್ರೆಯ ತಳದಲ್ಲಿ ಉಳಿದದ್ದು. ಪಲ್ಯ ಖಾಲಿಯಾಗಿದ್ದರೆ ಉಪ್ಪಿನಕಾಯಿ. 'ನನಗೆ ಹಸಿವಿಲ್ಲ ಬಿಡು' ಎನ್ನುವ ಮಾತನ್ನು ನಾವು ಎಷ್ಟು ಸಲ ಕೇಳಿಲ್ಲ, ಎಷ್ಟು ಸಲ ಹೇಳಿಲ್ಲ!

2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಬೇರೆಬೇರೆ ಕಾರಣಗಳಿವೆ. ಆದರೆ ಕೊನೆಯಲ್ಲಿ, ಉಳಿದದ್ದನ್ನು ಉಣ್ಣುವ ಪದ್ಧತಿಗೂ ಅದರಲ್ಲಿ ಪಾಲಿದೆ ಎಂದೇ ನನಗನ್ನಿಸುತ್ತದೆ. ಸೊಪ್ಪು, ಕಾಳು, ಮೊಟ್ಟೆ ಗಂಡ ಮಕ್ಕಳ ತಟ್ಟೆಗೆ ಹೋಗಿ, ಅವಳಿಗೆ ಅನ್ನ ಸಾರು ಮಾತ್ರ ಉಳಿದರೆ ರಕ್ತ ಎಲ್ಲಿಂದ ಬರಬೇಕು?

ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಬಂತು. ಬಸುರಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ. ಅನ್ನ, ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಅಲ್ಲೇ ಬಂದು ಕೂತು ಉಣ್ಣಬೇಕು ಎಂದು ಮಾಡಿದ್ದರು. ಮೈ ಭಾರವಾದವರು ಅಷ್ಟು ದೂರ ನಡೆದು ಬರುವುದು ಹೇಗೆ ಎಂಬ ಪ್ರಶ್ನೆ ಎದ್ದಿತ್ತು, ಅದು ನ್ಯಾಯವಾದ ಪ್ರಶ್ನೆಯೇ, ನಮ್ಮ ಮಲೆನಾಡಿನಲ್ಲಂತೂ ಹೌದು. ಆದರೂ ಅಲ್ಲೇ ಉಣ್ಣಬೇಕು ಎನ್ನುವುದರ ಹಿಂದೆ ಒಂದು ತಿಳಿವಳಿಕೆ ನನಗೆ ಕಾಣುತ್ತದೆ. ಮೊಟ್ಟೆಯನ್ನು ಮನೆಗೆ ಕೊಟ್ಟರೆ ತಾಯಿ ಅದನ್ನು ತಿನ್ನುತ್ತಾಳಾ? ಚಿಕ್ಕದಕ್ಕೆ ಅರ್ಧ, ದೊಡ್ಡದಕ್ಕೆ ಅರ್ಧ ಕೊಟ್ಟು ಸುಮ್ನೆ ಕೂರುತ್ತಾಳೆ.

ಕೆಲವು ಹಿರಿಯರು ಹೇಳುತ್ತಾರೆ, ಹಸಿದು ಬಡಿಸುವುದೇ ತಾಯಿಯ ತಪಸ್ಸು ಎಂದು. ಅವರ ಬಗ್ಗೆ ನನಗೆ ಗೌರವವಿದೆ. ಈ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಉಪವಾಸ ನಾನೇ ಇಷ್ಟಪಟ್ಟು ಮಾಡಿದರೆ ಅದು ವ್ರತ. ಬೇರೆ ದಾರಿ ಇಲ್ಲದೆ ಮಾಡಿದರೆ ಅದು ಹಸಿವು. ನಮ್ಮ ಹಿರಿಯರೇ ಮಾಡಿಟ್ಟ ಹಬ್ಬ ಬಸುರಿಗೆ ಮೊದಲು ಬಡಿಸು ಎನ್ನುತ್ತಿದೆ. ಹಾಗಿರುವಾಗ ಅಮ್ಮ ಎಲ್ಲರ ಜೊತೆ ಕೂತು ಉಂಡರೆ ಸಂಪ್ರದಾಯ ಕೆಡುತ್ತದೆ ಎನ್ನುವುದು ಹೇಗೆ?

ನಮ್ಮ ಮನೆಯಲ್ಲಿ ನಾನು ಈ ಮಾತನ್ನು ಜಗಳವಾಡಿ ಹೇಳಲಿಲ್ಲ. ಒಂದು ದಿನ ಊಟಕ್ಕೆ ನನ್ನ ತಟ್ಟೆಯನ್ನೂ ಅವರ ತಟ್ಟೆಗಳ ಸಾಲಿನಲ್ಲೇ ಇಟ್ಟೆ. ಬಡಿಸಿಕೊಂಡು ಕೂತೆ. ಅತ್ತೆಯವರನ್ನೂ ಪಕ್ಕದಲ್ಲಿ ಕೂರಿಸಿದೆ. ಮೊದಮೊದಲು ಅವರು ಎದ್ದೆದ್ದು ಹೋಗುತ್ತಿದ್ದರು, ಯಾರಿಗೆ ಏನು ಬೇಕೋ ಎಂದು. ಈಗ ಕೂತೇ 'ಮಜ್ಜಿಗೆ ಆ ಕಡೆ ತಳ್ಳು' ಎನ್ನುತ್ತಾರೆ. ದೋಸೆ ಮಾಡುವ ದಿನ ನನ್ನ ಗಂಡ ಹೆಂಚಿನ ಮುಂದೆ ನಿಲ್ಲುತ್ತಾರೆ. ದೋಸೆ ಒಂದೊಂದು ಸಲ ಭಾರತದ ನಕ್ಷೆ ಆಗುತ್ತದೆ, ಪರವಾಗಿಲ್ಲ. ಹೆಂಚಿನಿಂದ ನೇರ ತಟ್ಟೆಗೆ ಬಂದ ದೋಸೆಯ ಅಂಚು ಮುರಿಯುವಾಗ ಕರುಂ ಎನ್ನುತ್ತದೆ. ಬೆಣ್ಣೆ ಇನ್ನೂ ಕರಗುತ್ತಿರುತ್ತದೆ. ವರ್ಷಗಟ್ಟಲೆ ಎಲ್ಲರಿಗೂ ಹಾಕಿಕೊಟ್ಟ ದೋಸೆ ನಿಜವಾಗಿ ಇಷ್ಟು ರುಚಿ ಎಂದು ನನಗೆ ಗೊತ್ತಾದದ್ದು ಆಗಲೇ. ಸಣ್ಣ ಖುಷಿ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಮಗನೂ ಒಂದು ಹೊಸ ರೂಢಿ ಮಾಡಿಕೊಂಡಿದ್ದಾನೆ. ಕಾಗೆಗೆ ತುತ್ತು ಇಟ್ಟು ಬಂದವನು, 'ಅಮ್ಮಂದು ಬಡಿಸಿದ್ರಾ?' ಎಂದು ಕೇಳಿ ಆಮೇಲೆ ಕೂರುತ್ತಾನೆ. ಅವನಿಗೆ ನಾಳೆ ಮದುವೆಯಾಗುತ್ತದೆ, ಮನೆಯಾಗುತ್ತದೆ. ಈ ಪ್ರಶ್ನೆಯನ್ನು ಅವನು ಅಲ್ಲಿಗೂ ತೆಗೆದುಕೊಂಡು ಹೋಗಲಿ ಎಂಬುದು ನನ್ನ ಹರಕೆ. ದೇವರ ಮುಂದೆ ದೀಪ ಹಚ್ಚುವಾಗ ನಾನು ಕೇಳಿಕೊಳ್ಳುವುದು ಇತ್ತೀಚೆಗೆ ಇದನ್ನೇ.

ಇಲ್ಲಿಗೆ ನನ್ನ ಮಾತು ನಿಲ್ಲಿಸುತ್ತೇನೆ, ನಿಮ್ಮದು ಕೇಳಬೇಕು. ಇಲ್ಲಿ ಬೇರೆಬೇರೆ ಊರಿನವರು, ಬೇರೆಬೇರೆ ಮನೆತನದವರು ಇದ್ದೀರಿ. ನಿಮ್ಮ ಮನೆಯಲ್ಲಿ ಯಾರ್ಯಾರಿಗೆ ಪಾಲು ತೆಗೆದಿಡುತ್ತಾರೆ? ಅದರಲ್ಲಿ ನಿಮ್ಮದೂ ಒಂದು ಇದೆಯಾ? ಹಿಂದಿನ ಸಾಲಿನಲ್ಲಿ ಕೂತ ಅಜ್ಜಿಯಂದಿರಿಂದಲೇ ಶುರು ಮಾಡೋಣ.