ಬಸ್ ಆಡಳಿತ ಓದುವವರಿಗೆ: ಮೊದಲು ಫಾರಂ-4

ವಿದ್ಯಾರ್ಥಿ ಮಿತ್ರರೇ,

ಸಾರ್ವಜನಿಕ ಸಾರಿಗೆ ಆಡಳಿತದ ಪಾಠ ಸಾಮಾನ್ಯವಾಗಿ ನಿಗಮದ ರಚನೆಯಿಂದ ಶುರುವಾಗುತ್ತದೆ: ಮಂಡಳಿ, ವ್ಯವಸ್ಥಾಪಕ ನಿರ್ದೇಶಕ, ವಿಭಾಗ, ಘಟಕ. ಪರೀಕ್ಷೆಗೆ ಅದು ಬೇಕು, ಓದಿಕೊಳ್ಳಿ. ಇವತ್ತು ನಾವು ಕೆಳಗಿನ ತುದಿಯಿಂದ, ಕಂಡಕ್ಟರ್ ಕೈಯಲ್ಲಿರುವ ಷೆಡ್ಯೂಲಿನ (ವೇಳಾಪಟ್ಟಿಯ) ಹಾಳೆ ಫಾರಂ-4ರಿಂದ ಹೊರಡೋಣ. ಬಸ್ಸು ಡಿಪೋ ಬಿಟ್ಟು ಮತ್ತೆ ಡಿಪೋ ಸೇರುವವರೆಗಿನ ಟ್ರಿಪ್ಪುಗಳು, ಹೊರಡುವ ಮತ್ತು ತಲುಪುವ ವೇಳೆ, ಕಿಲೋಮೀಟರು ಎಲ್ಲ ಅದರಲ್ಲಿ ಇರುತ್ತದೆ.

ಅದಕ್ಕೆ ಮೊದಲು ಕಾನೂನಿನ ಎರಡು ಮಾತು. ಕೆಎಸ್‌ಆರ್‌ಟಿಸಿ 1961ರ ಆಗಸ್ಟ್ 1ರಂದು ಹುಟ್ಟಿದ್ದು 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ. ಅದರ 18ನೇ ಕಲಂ ಜನರಿಗೆ ಸಾಕಷ್ಟು, ದಕ್ಷ, ಮಿತವ್ಯಯದ ಸೇವೆ ಕೊಡಬೇಕೆನ್ನುತ್ತದೆ. 22ನೇ ಕಲಂ ವ್ಯವಹಾರ ತತ್ವದಂತೆ ನಡೆಯಬೇಕೆನ್ನುತ್ತದೆ. ಸರ್ಕಾರ ನಿರ್ದೇಶನ ಕೊಡಲು 34ನೇ ಕಲಂ ಇದೆ, ನಿಜ. ಆದರೆ 18 ಮತ್ತು 22ನೇ ಕಲಂಗಳ ಎಳೆದಾಟ ದಿನಾ ಇತ್ಯರ್ಥವಾಗುವುದು ಷೆಡ್ಯೂಲ್ ಬರೆಯುವ ಮೇಜಿನ ಮೇಲೆ.

ಒಂದು ಲೆಕ್ಕ ಮಾಡೋಣ. ಒಂದು ಮಾರ್ಗದಲ್ಲಿ ಹೋಗಲು 50 ನಿಮಿಷ, ಬರಲು 50 ನಿಮಿಷ, ಎರಡೂ ತುದಿಯಲ್ಲಿ ಹತ್ತು ಹತ್ತು ನಿಮಿಷ ನಿಲುಗಡೆ. ಒಂದು ಸುತ್ತಿಗೆ 120 ನಿಮಿಷ. 15 ನಿಮಿಷಕ್ಕೊಂದು ಬಸ್ಸು ಬೇಕಾದರೆ 120 ಭಾಗಿಸು 15, ಎಂಟು ಬಸ್ಸು. ಈಗ ಟ್ರಾಫಿಕ್ಕಿನಿಂದ ಒಂದೊಂದು ಕಡೆಗೂ 10 ನಿಮಿಷ ಹೆಚ್ಚಾಯಿತೆನ್ನಿ. ಸುತ್ತು 140 ನಿಮಿಷವಾಯಿತು. 15 ನಿಮಿಷದ ಅಂತರ ಉಳಿಯಬೇಕಾದರೆ ಹತ್ತು ಬಸ್ಸು ಬೇಕು, ಒಂಬತ್ತು ಸಾಲದು. ಇರುವುದು ಎಂಟೇ ಆದರೆ ಅಂತರ 17.5 ನಿಮಿಷ ಎಂದು ಒಪ್ಪಿಕೊಂಡು ಬೋರ್ಡಿನಲ್ಲಿ ಹಾಗೇ ಬರೆಯಬೇಕು.

ಆಗುವುದು ಬೇರೆ. ಕಾಗದದಲ್ಲಿ ಎಂಟೇ ಬಸ್ಸು, 15 ನಿಮಿಷವೇ ಅಂತರ. ತುದಿಯ ನಿಲುಗಡೆ ಮಾತ್ರ ಸೊನ್ನೆ. ಡ್ರೈವರ್‌ಗೆ ಚಹಾ ಇಲ್ಲ, ಶೌಚಕ್ಕೂ ಬಿಡುವಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು, ತಡವನ್ನು ತುಂಬಿಕೊಳ್ಳುವ ಜಾಗವೇ ಹೋಯಿತು. ನಿಮಿಷಕ್ಕೆ ಇಬ್ಬರು ಬಂದು ಸೇರುವ ನಿಲ್ದಾಣಕ್ಕೆ ಬಸ್ಸು 5 ನಿಮಿಷ ತಡವಾಗಿ ಬಂದರೆ 30 ಜನರ ಬದಲು 40 ಜನ ಕಾದಿರುತ್ತಾರೆ. ಹತ್ತಲು ತಲಾ 3 ಸೆಕೆಂಡ್ ಹಿಡಿದರೂ ಅರ್ಧ ನಿಮಿಷ ಹೆಚ್ಚು. ಅಂಥ ಹತ್ತು ನಿಲ್ದಾಣಕ್ಕೆ ಇನ್ನೂ 5 ನಿಮಿಷ. ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಓಡಿ ಬಂದು ಇದರ ಬೆನ್ನಿಗೆ ನಿಲ್ಲುತ್ತದೆ. ‘ಅರ್ಧ ಗಂಟೆ ಒಂದೂ ಇಲ್ಲ, ಬಂದರೆ ಎರಡೆರಡು’ ಎಂದು ಜನ ಬೈಯುತ್ತಾರಲ್ಲ, ಅದರ ಬೇರು ಅಳಿಸಿಹೋದ ಆ ಹತ್ತು ನಿಮಿಷದಲ್ಲಿದೆ.

ಸಿಬ್ಬಂದಿಯ ಲೆಕ್ಕವೂ ಹೀಗೆಯೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಂತೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ಓಡುವ ಬಸ್ಸಿಗೆ ಎರಡು ಜೋಡಿ ಡ್ರೈವರ್-ಕಂಡಕ್ಟರ್ ಸಾಕೆನ್ನಬೇಡಿ. ವಾರಕ್ಕೆ 14 ಪಾಳಿ, ಒಂದು ಜೋಡಿ ಮಾಡುವುದು ಆರು. ವಾರದ ರಜೆಯೊಂದನ್ನೇ ಲೆಕ್ಕ ಹಿಡಿದರೂ 2.33 ಜೋಡಿ ಬೇಕಾಯಿತು. ಜ್ವರ, ಮದುವೆ, ತರಬೇತಿ ಇನ್ನೂ ಸೇರಿಲ್ಲ. ಹೊಸ ಬಸ್ಸು ಬಂದರೂ ಡಿಪೋದಲ್ಲೇ ನಿಂತಿದೆ ಎಂದರೆ ಮೊದಲು ಈ ಅಂಕಿ ಕೇಳಿ.

ಲೋಡ್ ಫ್ಯಾಕ್ಟರಿನ, ಅಂದರೆ ಸೀಟಿಗೆ ಎಷ್ಟು ಜನ ಎಂಬ ಶೇಕಡಾವಾರಿನ, ಸರಾಸರಿಯನ್ನು ಮಾತ್ರ ನಂಬಬೇಡಿ. 50 ಸೀಟಿನ ಬಸ್ಸು ಬೆಳಿಗ್ಗೆ ಪೇಟೆಗೆ 70 ಜನರನ್ನು ಹೊತ್ತು ತಂದು 15 ಜನರೊಂದಿಗೆ ವಾಪಸಾಯಿತು. ಸರಾಸರಿ ಶೇ. 85, ಕಡತದಲ್ಲಿ ಎಲ್ಲ ಸುಸೂತ್ರ. ಬಾಗಿಲಲ್ಲಿ ಜೋತಾಡಿದ ಕಾಲೇಜು ಮಕ್ಕಳು ಆ ಅಂಕಿಯೊಳಗೆ ಕಾಣುವುದಿಲ್ಲ.

ಹಳ್ಳಿಯ ರಾತ್ರಿ ವಸ್ತಿ ಬಸ್ಸನ್ನೇ ನೋಡಿ. ಸಂಜೆಯ ಕೊನೇ ಟ್ರಿಪ್ಪಿಗೆ ಗಳಿಕೆಯಿಲ್ಲ, ಕಿಲೋಮೀಟರಿಗೆ ಬರುವುದು ಖರ್ಚಿನ ಕಾಲು ಭಾಗವೂ ಇಲ್ಲ ಎಂದು ಕತ್ತರಿಸಿದರೆ ಬೆಳಿಗ್ಗೆ ಆರೂವರೆಗೆ ಆ ಊರಲ್ಲಿ ಬಸ್ಸೇ ಇರುವುದಿಲ್ಲ. ತುಂಬಿ ಬರುತ್ತಿದ್ದ ಟ್ರಿಪ್ಪೂ ಹೋಯಿತು, ಇಲ್ಲವೇ ನಸುಕಿನಲ್ಲಿ ಖಾಲಿ ಬಸ್ಸು ಕಳಿಸಿ ಡೆಡ್ ಕಿಲೋಮೀಟರ್ ಸುಟ್ಟಂತಾಯಿತು. ಟ್ರಿಪ್ಪುಗಳನ್ನು ಜೋಡಿಯಾಗಿ ತೂಗಬೇಕು, ಬಿಡಿಯಾಗಿ ಅಲ್ಲ.

2023ರ ಜೂನ್ 11ರಿಂದ ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಮೇಲೆ ಶೂನ್ಯ ಟಿಕೆಟ್ಟೂ ಒಂದು ದಾಖಲೆ. ನಿಗಮಕ್ಕೆ ಸರ್ಕಾರ ಹಣ ತುಂಬಿಕೊಡುವುದು ಆ ಟಿಕೆಟ್ಟಿನ ಪ್ರಯಾಣ ದರದ ಮೊತ್ತದ ಆಧಾರದ ಮೇಲೆ. ಹಾಗಾಗಿ ಸ್ಟೇಜ್ (ದರ ಲೆಕ್ಕ ಹಾಕುವ ಹಂತ) ತಪ್ಪಾಗಿ ಒತ್ತಿದರೆ ಬೇಡಿಕೆಯ ಚಿತ್ರವೂ ಬಿಲ್ಲೂ ಒಟ್ಟಿಗೆ ಕೆಡುತ್ತವೆ. ಇನ್ನೊಂದು ಮಿತಿ, ಟಿಕೆಟ್ ಕೊಡುವ ಇಟಿಎಂ ಯಂತ್ರ ಎಣಿಸುವುದು ಹತ್ತಿದವರನ್ನು. ಹತ್ತಲಾಗದೆ ಉಳಿದವರಿಗೆ ಟಿಕೆಟ್ಟಿಲ್ಲ. ನಿಲ್ದಾಣದಿಂದ ಒಂದು ಮೀಟರ್ ದೂರ, ರಸ್ತೆ ನಡುವೆ ನಿಂತ ಬಸ್ಸನ್ನು ಕಂಡು ಹಿಂದೆ ಸರಿದ ಗಾಲಿಕುರ್ಚಿಯವರಿಗೂ ಇಲ್ಲ. ಲೋ ಫ್ಲೋರ್ ಬಸ್ಸಿಗೆ ಹಣ ಕೊಟ್ಟು, ಬಸ್ಸು ನಿಲ್ಲಲು ಬಿಟ್ಟ ಜಾಗದಲ್ಲಿ (ಬಸ್ ಬೇ) ಆಟೋ ನಿಲ್ಲಲು ಬಿಟ್ಟರೆ ರ‍್ಯಾಂಪ್ ಪಾದಚಾರಿ ಕಟ್ಟೆ ಮುಟ್ಟುವುದಾದರೂ ಹೇಗೆ?

ಅದಕ್ಕೇ ನಿಮ್ಮ ಕೆಲಸ ನಿಲ್ದಾಣದಲ್ಲಿ. ಕೆಲಸದ ದಿನ ನೋಡಿ, ಬೆಳಿಗ್ಗೆ 7.30ರಿಂದ 9.30, ಇಬ್ಬಿಬ್ಬರು ಕೂರಿ. ಒಬ್ಬರು ಮಾರ್ಗ ಸಂಖ್ಯೆ, ಬಂದ ವೇಳೆ, ಹೊರಟ ವೇಳೆ ಬರೆಯಲಿ. ಇನ್ನೊಬ್ಬರು ಹತ್ತಿದವರು, ಇಳಿದವರು, ಉಳಿದವರು. ಕೊನೆಯ ಕಾಲಂ ಖಾಲಿ ಬಿಡಬೇಡಿ, ಯಾರೂ ಉಳಿಯದಿದ್ದರೆ ಸೊನ್ನೆ ಹಾಕಿ. ಖಾಲಿ ಬಿಟ್ಟರೆ ಎಣಿಸಲಿಲ್ಲವೋ, ಯಾರೂ ಇರಲಿಲ್ಲವೋ ಆಮೇಲೆ ತಿಳಿಯದು. ಒಂದೇ ದಿನ ಸಾಲದು, ಮೂರು ದಿನ ಬೇಕು. ಆಮೇಲೆ ಅದೇ ದಿನಗಳ ಫಾರಂ-4 ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ.