ದ್ವೀಪದ ಹಸಿರು: ಹಕ್ಕಿ ಬೆಳೆಸಿದ್ದು, ಮೇಕೆ ಮೇಯ್ದದ್ದು

ಕೇಳುಗರೇ, ನಮಸ್ಕಾರ.

1963ರ ನವೆಂಬರಿನಲ್ಲಿ ಐಸ್‌ಲೆಂಡಿನ ದಕ್ಷಿಣಕ್ಕೆ ಕಡಲಡಿಯ ಜ್ವಾಲಾಮುಖಿ ಸಿಡಿದು ಸುರ್ಟ್‌ಸೇ ಎಂಬ ದ್ವೀಪ ಮೇಲೆದ್ದಿತು. ಬರೀ ಬೂದಿ, ಲಾವಾ. 1965ರಲ್ಲಿ ಅದರ ದಂಡೆಯ ಮೇಲೆ ಮೊದಲ ಗಿಡ ಚಿಗುರಿತು. ಬೀಜವನ್ನು ತಂದದ್ದು ಅಲೆ. ಆಮೇಲೂ ಎರಡು ದಶಕ ಹಸಿರು ಹೆಚ್ಚು ಹಬ್ಬಲಿಲ್ಲ. ಬೀಜ ಬಂದರೂ ಆ ಬೂದಿಯಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. 1980ರ ದಶಕದ ನಡುವೆ ಕಡಲಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟತೊಡಗಿದವು. ಹಿಕ್ಕೆಯೇ ಗೊಬ್ಬರವಾಗಿ, ಗೂಡುಗಳ ಸುತ್ತ ದಟ್ಟ ಹುಲ್ಲು ಎದ್ದಿತು.

ಮನುಷ್ಯ ಕಾಲಿಟ್ಟ ಕಡೆ ಕತೆ ತಿರುಗುಮುರುಗು. ಅಟ್ಲಾಂಟಿಕ್ ನಡುವಿನ ಸೇಂಟ್ ಹೆಲೆನಾ ಆಫ್ರಿಕಾದ ಕರಾವಳಿಗೆ ಸುಮಾರು 1,900 ಕಿ.ಮೀ. ದೂರ. 1502ರಲ್ಲಿ ಅದನ್ನು ಕಂಡ ಪೋರ್ಚುಗೀಸರು ಕೆಲವೇ ವರ್ಷಗಳಲ್ಲಿ ಅಲ್ಲಿ ಮೇಕೆ ಬಿಟ್ಟರು. ಆ ಶತಮಾನ ಮುಗಿಯುವ ಮೊದಲೇ ಅವು ಸಾವಿರಗಟ್ಟಲೆಯಾದವು. ಮೇಕೆ ದೊಡ್ಡ ಮರವನ್ನು ಕೆಡವುವುದಿಲ್ಲ, ಸಸಿಯನ್ನು ತಿನ್ನುತ್ತದೆ. ಹಾಗಾಗಿ ದೂರದಿಂದ ನೋಡಿದವರಿಗೆ ಕಾಡು ಕಾಡಾಗಿಯೇ ಕಂಡಿತು. ಮುದಿ ಮರಗಳು ಬಿದ್ದಾಗ ಅವುಗಳ ಜಾಗಕ್ಕೆ ಮರಿಗಳಿರಲಿಲ್ಲ. ಸೌದೆಗೂ ತೊಗಲು ಹದ ಮಾಡುವ ತೊಗಟೆಗೂ ಕೊಡಲಿ ಬಿತ್ತು. ಬೇರಿನ ಹಿಡಿತ ತಪ್ಪಿದ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಯಿತು. ಅಲ್ಲಿನ 'ಆಲಿವ್', ಹೆಸರಿಗಷ್ಟೇ ಆಲಿವ್, 1994ರಲ್ಲಿ ಕಾಡಿನಿಂದ ಮರೆಯಾಯಿತು. ಸಾಕಿ ಉಳಿಸಿಕೊಂಡಿದ್ದ ಕೊನೆಯ ಗಿಡವೂ 2003ರಲ್ಲಿ ಸತ್ತಿತು. ಜಗತ್ತಿನಲ್ಲಿ ಬೇರೆಲ್ಲೂ ಇರದಿದ್ದ ಗಿಡ ಅದು, ನೆನೆದರೆ ಸಂಕಟವಾಗುತ್ತದೆ.

ಮೇಕೆಗಳಷ್ಟೇ ಅಲ್ಲ, ನಾರಿಗಾಗಿ ನೆಟ್ಟ ನ್ಯೂಜಿಲೆಂಡ್ ಫ್ಲಾಕ್ಸ್ ಕೂಡ ಅಲ್ಲಿ ಪೀಡೆಯಾಯಿತು. ನೋಡಲು ಕತ್ತಾಳೆಯಂಥ ಗಿಡ. ನಾರಿನ ಉದ್ಯಮ 1966ರಲ್ಲಿ ಮುಚ್ಚಿದರೂ ಗಿಡ ಹಬ್ಬುತ್ತಲೇ ಹೋಯಿತು. ಅದರ ಎಲೆಗಳ ಕೆಳಗೆ ಬೆಳಕು ಇಳಿಯದೆ ಬೇರೇನೂ ಮೊಳೆಯುವುದಿಲ್ಲ.

ಹಾಗೆಂದು ಒಂದೇ ಸಲ ಕಿತ್ತೆಸೆಯುವಂತಿಲ್ಲ. ಕಡಿದಾದ ಇಳಿಜಾರು ಬೆತ್ತಲಾದರೆ ಮಣ್ಣು ಜಾರುತ್ತದೆ, ಖಾಲಿ ಜಾಗಕ್ಕೆ ಬೇರೆ ಕಳೆ ನುಗ್ಗುತ್ತದೆ. ಸಣ್ಣ ಸಣ್ಣ ತುಂಡುಗಳಲ್ಲಿ ಕಡಿಯಬೇಕು, ಎಲೆಯನ್ನು ಅಲ್ಲೇ ಹೊದಿಕೆಯಾಗಿ ಹಾಸಬೇಕು, ಕೂಡಲೇ ನಾಡಸಸಿ ನೆಡಬೇಕು. ಅದು ಬೇರೂರಿದ ಮೇಲೆಯೇ ಪಕ್ಕದ ತುಂಡಿಗೆ ಕೈ ಹಾಕಬೇಕು.

ಈ ದ್ವೀಪದ ಶಿಖರದ ಬಳಿಯ ಮರಜರಿಯ, ಅಂದರೆ ಮರದಂತೆ ಬೆಳೆಯುವ ಜರಿಗಿಡದ, ಕಾಂಡವನ್ನು ಹತ್ತಿರದಿಂದ ನೋಡಬೇಕು. ಮಂಜಿನ ನೀರು ಹೀರಿದ ಕಪ್ಪು ನಾರಿನ ಸಂದಿಯಲ್ಲಿ ಬೇರೆ ಮರಗಳ ಬೀಜ ಸಿಕ್ಕಿಕೊಂಡು ಮೊಳೆಯುತ್ತದೆ. ನೆಲದ ಕಳೆಯ ನೆರಳು ಅಷ್ಟು ಎತ್ತರಕ್ಕೆ ತಲುಪುವುದಿಲ್ಲ. ಆದ್ದರಿಂದ ಕಳೆ ಕಡಿಯುವಾಗ ಮುದಿ ಮರಜರಿ ವಾಲಿದ್ದರೂ ಅದಕ್ಕೆ ಕತ್ತಿ ತಾಗಿಸಬಾರದು.